ಗಾಯದ ಪ್ರಮಾಣಪತ್ರಕ್ಕೆ ‘ಭೂಮಿ’ಯ ಪಾಠ

ಮಂಗಳೂರು-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಿ.ಸಿ. ರೋಡ್ ದಾಟಿ ಮುಂದೆ ಸಾಗಿದರೆ ಕಲ್ಲಡ್ಕ ಸಿಗುತ್ತದೆ. ವರ್ಷಗಟ್ಟಲೆ ನಡೆದ ಕಾಮಗಾರಿಯ ಬಳಿಕ ಅಲ್ಲಿನ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಹೆದ್ದಾರಿ ಅಗಲವಾಗುವುದನ್ನು ಎಲ್ಲರೂ ನೋಡುತ್ತಾರೆ. ಆದರೆ ಅದೇ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ವ್ಯಕ್ತಿಯನ್ನು ಆಸ್ಪತ್ರೆಗೆ ಸೇರಿಸಿದ ಕ್ಷಣದಿಂದ ಆರಂಭವಾಗುವ ಕಾಗದದ ಪ್ರಯಾಣವನ್ನು ನೋಡುವವರು ಕಡಿಮೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕರ್ತವ್ಯದಲ್ಲಿರುವ ವೈದ್ಯರು ಒಂದು ಕೈಯಲ್ಲಿ ರಕ್ತಸ್ರಾವ ತಡೆಯುತ್ತಾ ಇನ್ನೊಂದು ಕೈಯಲ್ಲಿ ಬರೆಯಬೇಕಾದ ಎರಡು ಪುಟಗಳ ಆ ಬರಹವೇ ಮೆಡಿಕೊ-ಲೀಗಲ್ ವರದಿ. ಆಸ್ಪತ್ರೆಯ ಮಾತಿನಲ್ಲಿ ಅದು ‘ಎಂಎಲ್‌ಸಿ’. ಪೊಲೀಸ್ ಠಾಣೆ ಮತ್ತು ನ್ಯಾಯಾಲಯಗಳ ಮಾತಿನಲ್ಲಿ ‘ಗಾಯದ ಪ್ರಮಾಣಪತ್ರ’. ವ್ಯಕ್ತಿ ಬದುಕುಳಿಯದಿದ್ದರೆ ಅದರ ಸ್ಥಾನದಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಬರುತ್ತದೆ.

ಈ ಎರಡು ಪುಟಗಳ ಮೇಲೆ ಎಷ್ಟೊಂದು ನಿರ್ಧಾರಗಳು ನಿಂತಿವೆ ಎಂಬುದನ್ನು ಗಮನಿಸಬೇಕು. ಗಾಯ ಸಾಧಾರಣವೋ ತೀವ್ರವೋ ಎಂಬ ವೈದ್ಯರ ಒಂದು ಮಾತು ಆರೋಪಿಯ ಮೇಲೆ ಯಾವ ಕಲಂ ಹಾಕಬೇಕು, ಅವನಿಗೆ ಜಾಮೀನು ಸಿಗಬೇಕೇ ಬೇಡವೇ ಎಂಬುದರ ಮೇಲೆ ಪ್ರಭಾವ ಬೀರುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೂಲಿಕಾರನ ಕಾಲಿನ ಊನಕ್ಕೆ ಎಷ್ಟು ಪರಿಹಾರ ಎಂಬುದು ಅದನ್ನು ಅವಲಂಬಿಸುತ್ತದೆ. ಅಡಿಕೆ ಮರದಿಂದ ಬಿದ್ದು ಸತ್ತ ಕಾರ್ಮಿಕ, ತೋಟದ ಕೆರೆಗೆ ಜಾರಿದ ಮಗು, ಹಾವು ಕಚ್ಚಿ ತೀರಿಕೊಂಡ ರೈತ, ವಿಷ ಕುಡಿದ ಸೊಸೆ ಇವರೆಲ್ಲರ ಸಾವಿನ ಕಾರಣವನ್ನು ಸರಕಾರ, ವಿಮಾ ಕಂಪೆನಿ ಮತ್ತು ನ್ಯಾಯಾಲಯಗಳು ತಿಳಿಯುವುದು ಈ ಕಾಗದದಿಂದಲೇ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯ ಪಾಲಿಗಂತೂ ಪರೀಕ್ಷೆಯ ಮೊದಲ ಕೆಲವು ತಾಸುಗಳಲ್ಲಿ ಬರೆದದ್ದನ್ನು, ಬರೆಯದೆ ಬಿಟ್ಟದ್ದನ್ನು ಮತ್ತೆಂದೂ ಸರಿಪಡಿಸಲಾಗದು.

ಇಷ್ಟು ಮಹತ್ವದ ದಾಖಲೆಯನ್ನು ನಾವು ಹೇಗೆ ಸಿದ್ಧಪಡಿಸುತ್ತಿದ್ದೇವೆ ಎಂಬುದಕ್ಕೆ ನ್ಯಾಯಾಲಯಗಳ ಆದೇಶಗಳೇ ಸಾಕ್ಷಿ. 2018ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠವು ಓದಲಾಗದ ಗಾಯದ ವರದಿಗಳನ್ನು ನೀಡಿದ ಮೂರು ಜಿಲ್ಲೆಗಳ ವೈದ್ಯರಿಗೆ ತಲಾ 5,000 ರೂಪಾಯಿ ದಂಡ ವಿಧಿಸಿತು. 2024ರ ಜನವರಿಯಲ್ಲಿ ಒಡಿಶಾ ಹೈಕೋರ್ಟಿನ ಮುಂದೆ ಬಂದ ಪ್ರಕರಣ ಕರಾವಳಿಯ ಯಾವುದೇ ಹಳ್ಳಿಯಲ್ಲೂ ನಡೆಯಬಹುದಾದಂಥದ್ದು. ಹಾವು ಕಚ್ಚಿ ಸತ್ತ ಮಗನಿಗಾಗಿ ತಂದೆಯೊಬ್ಬರು ಪರಿಹಾರ ಕೇಳಿದ್ದರು. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ವೈದ್ಯರು ಏನು ಬರೆದಿದ್ದಾರೆಂದು ನ್ಯಾಯಾಧೀಶರಿಗೇ ತಿಳಿಯಲಿಲ್ಲ. ಮೆಡಿಕೊ-ಲೀಗಲ್ ದಾಖಲೆಗಳನ್ನು ಸ್ಪಷ್ಟ ಅಕ್ಷರಗಳಲ್ಲಿ ಅಥವಾ ಟೈಪ್ ಮಾಡಿ ನೀಡುವಂತೆ ಎಲ್ಲ ವೈದ್ಯರಿಗೂ ಸೂಚಿಸಬೇಕೆಂದು ಆ ನ್ಯಾಯಾಲಯ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ನಿರ್ದೇಶನ ನೀಡಿತು. 2025ರ ಆಗಸ್ಟ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ತನ್ನ ಮುಂದಿದ್ದ ಮೆಡಿಕೊ-ಲೀಗಲ್ ವರದಿಯಲ್ಲಿ ಒಂದು ಪದವೂ ಓದಲಾಗುತ್ತಿಲ್ಲವೆಂದು ಹೇಳಿ, ಸ್ಪಷ್ಟ ಅಕ್ಷರಗಳ ವೈದ್ಯಕೀಯ ಬರಹವನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಭಾಗವೆಂದೇ ಘೋಷಿಸಿತು.

ಅಕ್ಷರ ಓದಲಾಗದಿರುವುದು ರೋಗದ ಹೊರಗಿನ ಲಕ್ಷಣ ಮಾತ್ರ. ಒಳಗಿನ ದೋಷಗಳು ನಾಲ್ಕು. ಮೊದಲನೆಯದು ಅಪೂರ್ಣತೆ: ಗಾಯದ ಉದ್ದ, ಆಳ, ದಿಕ್ಕು, ಎಷ್ಟು ಹೊತ್ತಿನ ಹಿಂದಿನದು ಎಂಬ ಅಂಕಣಗಳು ಖಾಲಿ ಉಳಿದಿರುತ್ತವೆ. ಎರಡನೆಯದು ವಿಳಂಬ: ಕ್ಷ-ಕಿರಣ ವರದಿಗೆಂದು, ಒಳಾಂಗಗಳ ರಾಸಾಯನಿಕ ವಿಶ್ಲೇಷಣೆಗೆಂದು ಅಂತಿಮ ಅಭಿಪ್ರಾಯವನ್ನು ‘ಕಾಯ್ದಿರಿಸಲಾಗಿದೆ’ ಎಂದು ಬರೆದ ಮೇಲೆ ಆ ಕಡತವನ್ನು ನೆನಪಿಸುವವರು ಯಾರೂ ಇರುವುದಿಲ್ಲ. ಮೂರನೆಯದು ತಿದ್ದುಪಡಿ: ಕಾಗದದ ಮೇಲೆ ಯಾವ ಮಾತು ಯಾವ ದಿನ ಸೇರಿತು ಎಂದು ಸಾಬೀತುಪಡಿಸುವುದು ಕಷ್ಟ. ನಾಲ್ಕನೆಯದು ನಾಶ. ಗಣಕೀಕರಣವೆಂದರೆ ಕೈಬರಹದ ಬದಲು ಮುದ್ರಿತ ಅಕ್ಷರ ಎಂದಷ್ಟೇ ತಿಳಿದರೆ ಈ ನಾಲ್ಕೂ ದೋಷಗಳು ಅಚ್ಚುಕಟ್ಟಾದ ಅಕ್ಷರಗಳಲ್ಲಿ ಮುಂದುವರಿಯುತ್ತವೆ.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಸಮಸ್ಯೆಗೆ ಸ್ಥಳೀಯ ಸ್ವರೂಪವೂ ಇದೆ. ಕಲ್ಲಡ್ಕದಲ್ಲಿ ಗಾಯಗೊಂಡವನನ್ನು ಮೊದಲು ಹತ್ತಿರದ ಖಾಸಗಿ ಆಸ್ಪತ್ರೆಗೋ ಬಂಟ್ವಾಳದ ತಾಲ್ಲೂಕು ಆಸ್ಪತ್ರೆಗೋ ಒಯ್ಯುತ್ತಾರೆ; ಸ್ಥಿತಿ ಗಂಭೀರವಾಗಿದ್ದರೆ ಅಲ್ಲಿಂದ ಮಂಗಳೂರಿಗೆ, 1848ರಷ್ಟು ಹಳೆಯದಾದ ವೆನ್ಲಾಕ್ ಆಸ್ಪತ್ರೆಗೋ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೋ ಸಾಗಿಸುತ್ತಾರೆ. ಹೀಗೆ ಒಂದೇ ದಿನದಲ್ಲಿ ಒಬ್ಬನೇ ಗಾಯಾಳುವಿನ ಬಗ್ಗೆ ಎರಡು ಮೂರು ಕಡೆ ಬರಹ ಹುಟ್ಟುತ್ತದೆ. ಮೊದಲ ಆಸ್ಪತ್ರೆ ಹೊಲಿಗೆ ಹಾಕಿ ಕಳುಹಿಸಿದ ಗಾಯವನ್ನು ಎರಡನೆಯ ಆಸ್ಪತ್ರೆ ‘ಹೊಲಿದ ಗಾಯ’ ಎಂದಷ್ಟೇ ದಾಖಲಿಸುತ್ತದೆ. ಅದು ಕತ್ತಿಯಿಂದಾದುದೋ ಕಲ್ಲಿಗೆ ತಾಗಿ ಆದುದೋ ಎಂಬುದು ಮೊದಲ ಚೀಟಿಯಲ್ಲಿ ಮಾತ್ರ ಇರುತ್ತದೆ. ಆ ಚೀಟಿ ಕಳೆದುಹೋದರೆ ಸತ್ಯವೂ ಕಳೆದುಹೋದಂತೆ.

ಆಡಳಿತದ ಗಡಿಗಳು ಇದನ್ನು ಇನ್ನಷ್ಟು ಜಟಿಲಗೊಳಿಸುತ್ತವೆ. ಬಂಟ್ವಾಳ ಮತ್ತು ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಅಧೀನದಲ್ಲಿವೆ. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿದೆ. ಕಾಸರಗೋಡು ಮತ್ತು ಮಂಜೇಶ್ವರದ ಗಾಯಾಳುಗಳು ತಲಪಾಡಿ ದಾಟಿ ಚಿಕಿತ್ಸೆಗೆ ಬರುವುದು ಮಂಗಳೂರಿಗೆ. 2020ರ ಲಾಕ್‌ಡೌನ್ ವೇಳೆ ಆ ಗಡಿಯನ್ನು ಮುಚ್ಚಿದಾಗ ವಿವಾದ ಕೇರಳ ಹೈಕೋರ್ಟಿನ ಮೆಟ್ಟಿಲೇರಿದ್ದು ಈ ಅವಲಂಬನೆ ಎಷ್ಟು ಆಳವಾದದ್ದು ಎಂಬುದನ್ನು ತೋರಿಸಿತು. ಅಂದರೆ ಪ್ರಕರಣ ಕೇರಳದ್ದು, ವರದಿ ಕರ್ನಾಟಕದ್ದು. ತನಿಖಾಧಿಕಾರಿಯ ಪರವಾಗಿ ಪೇದೆಯೊಬ್ಬರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ವರದಿ ಸಂಗ್ರಹಿಸುವ ಪದ್ಧತಿಗೆ ಈ ಭೂಗೋಳ ಹೇಳಿ ಮಾಡಿಸಿದ್ದಲ್ಲ.

ಬೆಳ್ತಂಗಡಿ ತಾಲ್ಲೂಕಿನ ಎರಡು ವಿದ್ಯಮಾನಗಳನ್ನು ಇಲ್ಲಿ ನೆನೆಯದೆ ಇರಲಾಗದು. 2012ರ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ಕಾಲೇಜು ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಹತ್ಯೆಯ ಪ್ರಕರಣವು ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ಹೋಯಿತು. 2023ರ ಜೂನ್‌ನಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಏಕೈಕ ಆರೋಪಿಯನ್ನು ಖುಲಾಸೆಗೊಳಿಸಿತು; ತನಿಖೆಯ ಆರಂಭದ ಹಂತದ ಲೋಪಗಳು ತೀವ್ರ ಟೀಕೆಗೆ ಗುರಿಯಾದವು. ಹನ್ನೊಂದು ವರ್ಷಗಳ ಬಳಿಕ ಒಂದು ಕುಟುಂಬಕ್ಕೆ ಮಗಳ ಸಾವಿಗೆ ಉತ್ತರ ಸಿಗಲಿಲ್ಲ. ಇನ್ನೊಬ್ಬ ವ್ಯಕ್ತಿ ತಾನು ಮಾಡಿದ್ದೆಂದು ಸಾಬೀತಾಗದ ಕೃತ್ಯದ ಕಳಂಕ ಹೊತ್ತು ವರ್ಷಗಳನ್ನು ಕಳೆದ. ಮೊದಲ ದಿನಗಳಲ್ಲಿ ಕೈತಪ್ಪಿದ ಸಾಕ್ಷ್ಯವನ್ನು ಎಷ್ಟೇ ದೊಡ್ಡ ತನಿಖಾ ಸಂಸ್ಥೆಯೂ ಹುಟ್ಟಿಸಿಕೊಡಲಾರದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಎರಡನೆಯದು 2025ರ ಧರ್ಮಸ್ಥಳ ಪ್ರಕರಣ. ಶವಗಳನ್ನು ಹೂತಿರುವುದಾಗಿ ಒಬ್ಬ ಮಾಜಿ ನೈರ್ಮಲ್ಯ ಕಾರ್ಮಿಕ ನೀಡಿದ ದೂರಿನ ತನಿಖೆಗೆ ಸರಕಾರ ಜುಲೈನಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಿತು; ಆಗಸ್ಟ್‌ನಲ್ಲಿ ದೂರುದಾರನೇ ಬಂಧನಕ್ಕೊಳಗಾದ. ಆ ದೂರಿನ ಸತ್ಯಾಸತ್ಯತೆಯನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಅದೇ ಸಂದರ್ಭದಲ್ಲಿ, 2000ದಿಂದ 2015ರವರೆಗಿನ ಅಸಹಜ ಸಾವುಗಳ ದಾಖಲೆಗಳನ್ನು ನಿಯಮಾನುಸಾರ ನಾಶಪಡಿಸಲಾಗಿದೆ ಎಂದು ಬೆಳ್ತಂಗಡಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದ್ದು ಸುದ್ದಿಯಾಯಿತು. ಕಡತಗಳನ್ನು ಇಂತಿಷ್ಟು ವರ್ಷಗಳ ನಂತರ ವಿಲೇವಾರಿ ಮಾಡುವುದು ಸರಕಾರಿ ಕಚೇರಿಗಳಲ್ಲಿ ಹೊಸದೇನಲ್ಲ. ಕಾಗದಕ್ಕೆ ಜಾಗ ಬೇಕು, ಜಾಗ ಎಂದಿಗೂ ಸಾಲದು. ಆದರೂ ದಾಖಲೆ ಇದ್ದಿದ್ದರೆ ಅದು ಆರೋಪವನ್ನು ಪುಷ್ಟೀಕರಿಸುತ್ತಿತ್ತು ಅಥವಾ ಸಂದೇಹವನ್ನು ನಿವಾರಿಸುತ್ತಿತ್ತು. ದಾಖಲೆ ಇಲ್ಲದ ಕಡೆ ಉಳಿಯುವುದು ವದಂತಿ ಮಾತ್ರ. ಅದರಿಂದ ನೊಂದವರಿಗೂ ನ್ಯಾಯವಿಲ್ಲ, ಆಪಾದನೆಗೆ ಗುರಿಯಾದವರಿಗೂ ನ್ಯಾಯವಿಲ್ಲ.

ಇದಕ್ಕೆ ಪರಿಹಾರವಾಗಬಲ್ಲ ತಂತ್ರಾಂಶ ದೇಶದಲ್ಲಿ ಈಗಾಗಲೇ ಇದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಹರಿಯಾಣ ಘಟಕ ರೂಪಿಸಿದ ‘ಮೆಡ್‌ಲೀಪರ್’ ಎಂಬ ವ್ಯವಸ್ಥೆಯಲ್ಲಿ ಗಾಯದ ವರದಿ ಹಾಗೂ ಮರಣೋತ್ತರ ಪರೀಕ್ಷೆಯ ವರದಿಗಳೆರಡನ್ನೂ ಗಣಕದಲ್ಲೇ ಸಿದ್ಧಪಡಿಸಬಹುದು. ಹರಿಯಾಣ, ಪಂಜಾಬ್, ಚಂಡೀಗಡಗಳಲ್ಲಿ ಅದು ವರ್ಷಗಳಿಂದ ಬಳಕೆಯಲ್ಲಿದೆ. 2024ರ ಜುಲೈ 1ರಂದು ಹೊಸ ಅಪರಾಧ ಕಾನೂನುಗಳು ಜಾರಿಯಾದ ಮೇಲೆ, ಪೊಲೀಸ್, ನ್ಯಾಯಾಲಯ, ವಿಧಿವಿಜ್ಞಾನ ಪ್ರಯೋಗಾಲಯ, ಕಾರಾಗೃಹಗಳನ್ನು ಬೆಸೆಯುವ ಜಾಲಕ್ಕೆ ಇದನ್ನು ಜೋಡಿಸಿ ಎಲ್ಲ ರಾಜ್ಯಗಳಿಗೂ ವಿಸ್ತರಿಸುವುದು ಕೇಂದ್ರ ಸರಕಾರದ ನೀತಿಯಾಗಿದೆ.

ಹೊಸ ಕಾನೂನುಗಳು ಸಮಯದ ಗಡಿಯನ್ನೂ ಹಾಕಿವೆ. ಅತ್ಯಾಚಾರ ಸಂತ್ರಸ್ತೆಯ ಪರೀಕ್ಷಾ ವರದಿಯನ್ನು ‘ವಿಳಂಬವಿಲ್ಲದೆ’ ಕಳುಹಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಂ ಅದನ್ನು ಏಳು ದಿನಗಳೆಂದು ನಿಗದಿಪಡಿಸಿದೆ. ರಸ್ತೆ ಅಪಘಾತಗಳ ವಿಷಯದಲ್ಲಿ 2022ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಸ್ಪತ್ರೆಯು 15 ದಿನಗಳಲ್ಲಿ ವರದಿಯನ್ನು ತನಿಖಾಧಿಕಾರಿಗೆ ತಲುಪಿಸಬೇಕು. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕೆಂಬ ನಿಯಮ ಗಾಯಾಳುವಿನ ಮೇಲಿದೆ. ಗಾಯಾಳು ತಡಮಾಡಿದರೆ ಪರಿಹಾರಕ್ಕೇ ಕುತ್ತು. ಆಸ್ಪತ್ರೆ ತಡಮಾಡಿದರೆ ಅದರ ಫಲವನ್ನು ಉಣ್ಣುವವನೂ ಅದೇ ಗಾಯಾಳು. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವ್ಯವಸ್ಥೆಯ ಅದಕ್ಷತೆಯ ವೆಚ್ಚವನ್ನು ಹೊರುವ ಶಕ್ತಿ ಯಾರಿಗೆ ಎಲ್ಲರಿಗಿಂತ ಕಡಿಮೆಯೋ ಅವರ ತಲೆಯ ಮೇಲೆಯೇ ಅದು ಬಂದು ಕೂರುತ್ತದೆ.

ಹಾಗಾದರೆ ತಂತ್ರಾಂಶವನ್ನು ತಂದು ಅಳವಡಿಸಿದರೆ ಸಾಕೇ? ಸಾಲದು ಎಂಬುದಕ್ಕೆ ಮೇಲೆ ಹೇಳಿದ 2025ರ ಪ್ರಕರಣವೇ ಪುರಾವೆ. ಯಾವ ರಾಜ್ಯಗಳಲ್ಲಿ ತಂತ್ರಾಂಶ ಮೊದಲು ಬಂತೋ ಆ ರಾಜ್ಯಗಳ ಹೈಕೋರ್ಟಿನ ಮುಂದೆಯೇ ಒಂದಕ್ಷರವೂ ಓದಲಾಗದ ವರದಿ ಬಂದು ನಿಂತಿತು. ಗಣಕದ ದಾರಿಯ ಜತೆಗೆ ಕಾಗದದ ದಾರಿಯೂ ತೆರೆದಿದ್ದಲ್ಲಿ, ಅವಸರದಲ್ಲಿರುವ ಮನುಷ್ಯ ಹಿಡಿಯುವುದು ಹಳೆಯ ದಾರಿಯನ್ನೇ.

ಇಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. ಸುಮಾರು ಎರಡು ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ದೇಶದ ಗಮನ ಸೆಳೆಯಿತು. ಅದಕ್ಕೆ ಮುನ್ನವೂ ಭೂದಾಖಲೆಗಳನ್ನು ಗಣಕಕ್ಕೆ ಸೇರಿಸುವ ಪ್ರಯತ್ನಗಳು ನಡೆದಿದ್ದವು, ಅವು ಬೇರೂರಲಿಲ್ಲ. ‘ಭೂಮಿ’ ಬೇರೂರಿದ್ದಕ್ಕೆ ಯಂತ್ರಗಳಿಗಿಂತ ಹೆಚ್ಚಾಗಿ ಮೂರು ಆಡಳಿತಾತ್ಮಕ ತೀರ್ಮಾನಗಳು ಕಾರಣ.

ಮೊದಲನೆಯದು, ತಾಲ್ಲೂಕಿನಲ್ಲಿ ಗಣಕೀಕರಣ ಮುಗಿದೊಡನೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆಯನ್ನೇ ರದ್ದುಗೊಳಿಸಲಾಯಿತು. ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ಪುಸ್ತಕಕ್ಕೆ ಅಂದಿನಿಂದ ಬೆಲೆಯಿಲ್ಲವಾಯಿತು. ಎರಡನೆಯದು, ದಾಖಲೆಯನ್ನು ತಿದ್ದುವ ಸಿಬ್ಬಂದಿ ಬೆರಳಚ್ಚಿನ ಮೂಲಕವೇ ಗಣಕವನ್ನು ಪ್ರವೇಶಿಸಬೇಕಾಗಿತ್ತು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅಳಿಸಲಾಗದಂತೆ ಉಳಿಯಿತು. ಮೂರನೆಯದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು; ಬೇಕಾದವರ ಕಡತ ಮೇಲೆ, ಬೇಡದವರದು ಕೆಳಗೆ ಎಂಬ ಪದ್ಧತಿಗೆ ಗಣಕ ಅವಕಾಶ ಕೊಡಲಿಲ್ಲ. ಇವಲ್ಲದೆ, ರೈತ 15 ರೂಪಾಯಿ ಕೊಟ್ಟು ತನ್ನ ಪಹಣಿಯನ್ನು ತಾನೇ ಪಡೆಯುವಂತಾಯಿತು.

‘ಭೂಮಿ’ಯ ಮಿತಿಯೂ ಪಾಠವೇ. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಗಣಕಕ್ಕೂ ಇಳಿದವು. ಅವನ್ನು ತಿದ್ದಿಸಿಕೊಳ್ಳಲು ರೈತರು ತಾಲ್ಲೂಕು ಕಚೇರಿಗೆ ಅಲೆಯುವುದು ತಪ್ಪಲಿಲ್ಲ. ಗಣಕ ತಾನಾಗಿ ಸತ್ಯವನ್ನು ಸೃಷ್ಟಿಸುವುದಿಲ್ಲ. ಕೊಟ್ಟದ್ದನ್ನು ಕಾಪಾಡುತ್ತದೆ ಅಷ್ಟೆ. ಆದ್ದರಿಂದ ಗಾಯದ ಪ್ರಮಾಣಪತ್ರದ ವಿಷಯದಲ್ಲಿ ಗಣಕಕ್ಕೆ ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದೇ ಮುಖ್ಯ. ಇಂದು ಬೆಳಿಗ್ಗೆ ಚೀಟಿಯಲ್ಲಿ ಬರೆದುಕೊಂಡು ತಿಂಗಳ ಕೊನೆಯಲ್ಲಿ ಗುತ್ತಿಗೆಯ ಡೇಟಾ ಎಂಟ್ರಿ ಸಿಬ್ಬಂದಿಯಿಂದ ಟೈಪ್ ಮಾಡಿಸಿದರೆ ಅದು ಗಣಕೀಕರಣವಲ್ಲ, ನಕಲು. ಪರೀಕ್ಷೆ ನಡೆದ ಹೊತ್ತಿನಲ್ಲೇ, ಪರೀಕ್ಷಿಸಿದ ವೈದ್ಯರ ಗುರುತಿನಲ್ಲೇ ದಾಖಲಾಗಿ, ಡಿಜಿಟಲ್ ಸಹಿ ಬಿದ್ದ ಮೇಲೆ ಬೀಗ ಬೀಳಬೇಕು. ನಂತರ ಸೇರಿಸಬೇಕಾದುದನ್ನು ಪ್ರತ್ಯೇಕ ಪೂರಕ ವರದಿಯಾಗಿಯೇ ಸೇರಿಸಬೇಕು. ವಿದ್ಯುನ್ಮಾನ ದಾಖಲೆಗೆ ‘ಹ್ಯಾಶ್ ಮೌಲ್ಯ’ ಎಂಬ ಗಣಿತೀಯ ಬೆರಳಚ್ಚಿನ ಸಹಿತ ದೃಢೀಕರಣ ಪತ್ರವಿರಬೇಕೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುತ್ತದೆ. ಈ ಮೌಲ್ಯವನ್ನು ತಂತ್ರಾಂಶವೇ ಆ ಕ್ಷಣದಲ್ಲಿ ನಮೂದಿಸುವಂತಿದ್ದರೆ ಮುಂದೆ ನ್ಯಾಯಾಲಯದಲ್ಲಿ ವಾದಕ್ಕೆ ಎಡೆಯೇ ಇರುವುದಿಲ್ಲ.

ನಮೂನೆಯ ರಚನೆಯೂ ಕೇವಲ ತಾಂತ್ರಿಕ ವಿಷಯವಲ್ಲ. ಭಾರತೀಯ ದಂಡ ಸಂಹಿತೆಯ 320ನೇ ಕಲಂ ಪ್ರಕಾರ 20 ದಿನಗಳ ಕಾಲ ತೀವ್ರ ನೋವನ್ನುಂಟುಮಾಡುವ ಅಥವಾ ದೈನಂದಿನ ಕೆಲಸಕ್ಕೆ ಅಡ್ಡಿಯಾಗುವ ಗಾಯ ‘ತೀವ್ರ’ ಎನಿಸುತ್ತಿತ್ತು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಅದನ್ನು 15 ದಿನಗಳಿಗೆ ಇಳಿಸಿದೆ. ಸಾವಿರಾರು ವೈದ್ಯರಿಗೆ ಸುತ್ತೋಲೆ ಕಳುಹಿಸಿ ಅವರು ಓದುವರೆಂದು ನಿರೀಕ್ಷಿಸುವುದಕ್ಕಿಂತ ಎಲ್ಲರ ಮುಂದಿರುವ ಒಂದು ನಮೂನೆಯನ್ನು ಬದಲಿಸುವುದು ಸುಲಭ. ಇನ್ನೂ ಗಂಭೀರವಾದ ಉದಾಹರಣೆ ಅತ್ಯಾಚಾರ ಸಂತ್ರಸ್ತೆಯರ ಮೇಲೆ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’. ಸುಪ್ರೀಂ ಕೋರ್ಟು 2013ರಲ್ಲಿ ಅದನ್ನು ಘನತೆಗೆ ಧಕ್ಕೆ ತರುವಂಥದ್ದೆಂದು ಹೇಳಿತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ಆದರೂ 2022ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅದೇ ಮಾತನ್ನು ಮತ್ತೆ, ಇನ್ನಷ್ಟು ಕಟುವಾಗಿ ಹೇಳಬೇಕಾಯಿತು. ಹಳೆಯ ಮುದ್ರಿತ ನಮೂನೆಯಲ್ಲಿ ಅಂಕಣವಿದ್ದರೆ ಅದನ್ನು ತುಂಬುವ ಕೈಯೂ ಇರುತ್ತದೆ. ಗಣಕದ ನಮೂನೆಯಲ್ಲಿ ಆ ಅಂಕಣವೇ ಇಲ್ಲದಂತೆ ಮಾಡಬಹುದು. ಸಂತ್ರಸ್ತೆಯ ಒಪ್ಪಿಗೆ ಪಡೆದ ಸಮಯ, ಸಂಗ್ರಹಿಸಿದ ಮಾದರಿಗಳು, ಮೊಹರು ಹಾಕಿ ಹಸ್ತಾಂತರಿಸಿದ ವಿವರ ಇವುಗಳನ್ನು ತುಂಬದೆ ಮುಂದಕ್ಕೆ ಹೋಗಲಾಗದಂತೆಯೂ ಮಾಡಬಹುದು.

ವೈದ್ಯರ ಕಡೆಯಿಂದಲೂ ಈ ಸಮಸ್ಯೆಯನ್ನು ನೋಡಬೇಕು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರಿರುವುದು ಅಪರೂಪವಲ್ಲ. ವಿಧಿವಿಜ್ಞಾನ ವೈದ್ಯಶಾಸ್ತ್ರದಲ್ಲಿ ವಿಶೇಷ ತರಬೇತಿ ಪಡೆದವರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಜೀವ ಉಳಿಸುವುದೇ ಮೊದಲ ಕರ್ತವ್ಯ, ಕಾನೂನಿನ ಔಪಚಾರಿಕತೆಗಳು ಅನಂತರ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸಾರಿದೆ. ಅದೇ ಗಾಯಾಳುವಿನ ಹೆಸರು, ವಯಸ್ಸು, ವಿಳಾಸಗಳನ್ನು ವೈದ್ಯರು ಆಸ್ಪತ್ರೆಯ ತಂತ್ರಾಂಶದಲ್ಲಿ ಒಮ್ಮೆ, ಮೆಡಿಕೊ-ಲೀಗಲ್ ತಂತ್ರಾಂಶದಲ್ಲಿ ಒಮ್ಮೆ, ರಸ್ತೆ ಅಪಘಾತಗಳ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಲ್ಲಿ ಒಮ್ಮೆ, 2025ರಲ್ಲಿ ಜಾರಿಗೆ ಬಂದ, ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸಾ ಯೋಜನೆಗಾಗಿ ಇನ್ನೊಮ್ಮೆ ತುಂಬಬೇಕೆಂದರೆ ಅವರು ಯಂತ್ರವನ್ನು ಶಪಿಸದೆ ಇನ್ನೇನು ಮಾಡಿಯಾರು? ಒಮ್ಮೆ ತುಂಬಿದ್ದು ಎಲ್ಲ ಕಡೆಗೂ ತಾನಾಗಿ ಹೋಗಬೇಕು. ಇಲ್ಲವಾದರೆ ಹಿಂದಿನ ವರದಿಯ ವಾಕ್ಯಗಳನ್ನೇ ನಕಲಿಸಿ ಅಂಟಿಸುವ ಚಾಳಿ ಬೆಳೆಯುತ್ತದೆ. ಎಲ್ಲ ಗಾಯಗಳೂ ಒಂದೇ ಅಳತೆಯ ಗಾಯಗಳಾಗುತ್ತವೆ. ಅದು ಓದಲಾಗದ ಅಕ್ಷರಕ್ಕಿಂತ ಅಪಾಯಕಾರಿ, ಏಕೆಂದರೆ ಅದನ್ನು ಓದಬಹುದು ಮತ್ತು ನಂಬಬಹುದು.

ಕರಾವಳಿಯ ಮಳೆಗಾಲವನ್ನೂ ಯೋಜಕರು ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯುತ್ತೂ ಅಂತರ್ಜಾಲವೂ ಕೈಕೊಡುವುದು ಇಲ್ಲಿ ವಾಡಿಕೆ. ಸಂಪರ್ಕವಿಲ್ಲದಾಗಲೂ ಸ್ಥಳೀಯ ಗಣಕದಲ್ಲಿ ದಾಖಲಾಗಿ ಆಮೇಲೆ ಕೇಂದ್ರ ಸರ್ವರ್ ಸೇರುವ ಸೌಲಭ್ಯ ಇರಲೇಬೇಕು. ದೊಡ್ಡ ಸಂಸ್ಥೆಗಳೂ ಈ ಆತಂಕದಿಂದ ಹೊರತಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ದೇಶದ ಅತ್ಯುನ್ನತ ಆಸ್ಪತ್ರೆ ಹಲವು ದಿನಗಳ ಕಾಲ ಪೆನ್ನು-ಕಾಗದಕ್ಕೆ ಮರಳಬೇಕಾಯಿತು. ಒಂದಕ್ಕಿಂತ ಹೆಚ್ಚು ಕಡೆ ಪ್ರತಿಗಳನ್ನು ಸಂರಕ್ಷಿಸದ ವಿದ್ಯುನ್ಮಾನ ಉಗ್ರಾಣವು ಗೆದ್ದಲು ಹಿಡಿದ ಕಪಾಟಿಗಿಂತ ಸುರಕ್ಷಿತವೇನಲ್ಲ.

ಗೋಪ್ಯತೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಅತ್ಯಾಚಾರ ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧ. ಕಲ್ಲಡ್ಕದಂಥ ಊರಿನಲ್ಲಿ ಯಾರ ಮನೆಯ ವಿಷಯ ಎಂಬುದು ಹೆಸರು ಹೇಳದೆಯೂ ತಿಳಿದುಬಿಡುತ್ತದೆ. ಕೋಮು ಸೂಕ್ಷ್ಮ ಪ್ರದೇಶವೆಂದು ಹೆಸರಾದ ಈ ಭಾಗದಲ್ಲಿ ಗಾಯದ ಛಾಯಾಚಿತ್ರವೊಂದು ಆಸ್ಪತ್ರೆಯಿಂದ ವಾಟ್ಸ್ಆ್ಯಪ್‌ಗೆ ಹಾರಿದರೆ ಆಗಬಹುದಾದ ಅನಾಹುತವನ್ನು ವಿವರಿಸಬೇಕಿಲ್ಲ. ಆದ್ದರಿಂದ ವರದಿಯನ್ನು ಯಾರು ತೆರೆದು ನೋಡಿದರು ಎಂಬುದೂ ದಾಖಲಾಗಬೇಕು. ಈ ವ್ಯವಸ್ಥೆಯ ಒಡೆತನ ಆರೋಗ್ಯ ಇಲಾಖೆಯಲ್ಲಿಯೇ ಇರಬೇಕೇ ಹೊರತು ಪೊಲೀಸ್ ಇಲಾಖೆಯಲ್ಲಿ ಅಲ್ಲ. ವೈದ್ಯರು ಸ್ವತಂತ್ರ ತಜ್ಞರು. ಆರೋಪಿ ಠಾಣೆಯಲ್ಲಿ ಹೊಡೆತ ತಿಂದು ಬಂದಿದ್ದರೆ ಅದನ್ನೂ ಬರೆಯಬೇಕಾದವರು. ಅವರ ಬರಹ ಪೊಲೀಸರ ಸರ್ವರ್‌ನಲ್ಲೇ ಹುಟ್ಟಿದರೆ ಆ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ. ಪೊಲೀಸರಿಗೆ ವರದಿ ತಲುಪಬೇಕು. ಅದರ ಮೇಲೆ ಹಿಡಿತ ಇರಬಾರದು.

ಇಷ್ಟೆಲ್ಲ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವವನು ಗಾಯಾಳು. ವರದಿ ಪೊಲೀಸರಿಗೆ ಹೋಗುತ್ತದೆ, ನ್ಯಾಯಾಲಯಕ್ಕೆ ಹೋಗುತ್ತದೆ, ವಿಮಾ ಕಂಪೆನಿಗೆ ಹೋಗುತ್ತದೆ. ಯಾರ ದೇಹದ ಬಗ್ಗೆ ಬರೆಯಲಾಗಿದೆಯೋ ಅವನಿಗೆ ಅದರ ಪ್ರತಿ ಸಿಗಬೇಕಾದರೆ ಅರ್ಜಿ, ಶಿಫಾರಸು, ಕೆಲವೊಮ್ಮೆ ‘ಕಾಣಿಕೆ’. ರೋಗಿ ಕೇಳಿದರೆ 72 ತಾಸುಗಳಲ್ಲಿ ಚಿಕಿತ್ಸಾ ದಾಖಲೆ ನೀಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ಹೇಳಿದ್ದರೂ ಪರಿಸ್ಥಿತಿ ಹೀಗಿದೆ. ರೈತನ ಕೈಗೆ ಪಹಣಿ ಕೊಟ್ಟ ರಾಜ್ಯ ಗಾಯಾಳುವಿನ ಕೈಗೆ ಅವನ ಪ್ರಮಾಣಪತ್ರ ಕೊಡಲಾರದೇ? ವರದಿ ಸಿದ್ಧವಾಯಿತೇ, ಪೊಲೀಸರಿಗೆ ತಲುಪಿತೇ, ಅಂತಿಮ ಅಭಿಪ್ರಾಯ ಯಾತಕ್ಕಾಗಿ ಬಾಕಿ ಇದೆ ಎಂಬ ಸಂದೇಶ ಅವನ ಮೊಬೈಲಿಗೆ ಬರುವಂತೆ ಮಾಡುವುದು ಇಂದು ಕಷ್ಟದ ಕೆಲಸವಲ್ಲ.

ಭಾಷೆಯ ಪ್ರಶ್ನೆಯೂ ಇದೆ. ಬಂಟ್ವಾಳದ ಗಾಯಾಳು ತನ್ನ ಮೇಲಾದ ಹಲ್ಲೆಯನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳುತ್ತಾನೆ. ಬೇರೆ ಜಿಲ್ಲೆಯಿಂದ ಬಂದ ವೈದ್ಯರು ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ದೋಷಾರೋಪ ಪಟ್ಟಿ ಕನ್ನಡದಲ್ಲಿ ಸಿದ್ಧವಾಗುತ್ತದೆ. ‘ಬಿದ್ದೆ’ ಮತ್ತು ‘ಬೀಳಿಸಿದರು’ ಎಂಬ ಎರಡು ಮಾತುಗಳ ನಡುವಿನ ವ್ಯತ್ಯಾಸ ಈ ಅನುವಾದಗಳಲ್ಲಿ ಕಳೆದುಹೋದರೆ ಮೊಕದ್ದಮೆಯೇ ಕಳೆದುಹೋಗುತ್ತದೆ. ಗಾಯಾಳು ಹೇಳಿದ ಮಾತನ್ನು ಅವನದೇ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ ಯಥಾವತ್ತಾಗಿ ದಾಖಲಿಸುವ ಒಂದು ಅಂಕಣ ಮತ್ತು ವರದಿಯ ಸಾರಾಂಶದ ಕನ್ನಡ ಪ್ರತಿ, ಇವೆರಡನ್ನೂ ಕರ್ನಾಟಕ ತನ್ನ ನಮೂನೆಯಲ್ಲಿ ಕೇಳಿ ಪಡೆಯಬೇಕು. ಹರಿಯಾಣದಲ್ಲಿ ಹುಟ್ಟಿದ ನಮೂನೆ ಹಾಗೆಯೇ ನಮಗೆ ಹೊಂದಬೇಕೆಂದಿಲ್ಲ.

ಇದಕ್ಕೆ ಖರ್ಚೆಷ್ಟು ಎಂಬ ಪ್ರಶ್ನೆ ಹಣಕಾಸು ಇಲಾಖೆಯಿಂದ ಬಂದೇ ಬರುತ್ತದೆ. ತಂತ್ರಾಂಶವನ್ನು ಸರಕಾರಿ ಸಂಸ್ಥೆಯೇ ರೂಪಿಸಿರುವುದರಿಂದ ನಿಜವಾದ ಖರ್ಚು ಇರುವುದು ಸಿಬ್ಬಂದಿ, ತರಬೇತಿ ಮತ್ತು ನಿರ್ವಹಣೆಯಲ್ಲಿ. ನಮ್ಮ ಯೋಜನೆಗಳು ಸೋಲುವುದೂ ಅಲ್ಲಿಯೇ: ಗಣಕ ಖರೀದಿಗೆ ಅನುದಾನ ಸಿಗುತ್ತದೆ, ಎರಡು ವರ್ಷಗಳ ಬಳಿಕ ಮುದ್ರಕದ ಶಾಯಿಗೆ ಸಿಗುವುದಿಲ್ಲ. ಇನ್ನೊಂದು ಕಡೆ ಉಳಿತಾಯವೂ ಸಣ್ಣದಲ್ಲ. ಎಂದೋ ವರ್ಗವಾಗಿ ಹೋದ ವೈದ್ಯರು ತಾವು ಹಿಂದೆ ಬರೆದದ್ದನ್ನು ಓದಿ ಹೇಳಲು ಇಡೀ ದಿನ ಪ್ರಯಾಣಿಸಿ ನ್ಯಾಯಾಲಯಕ್ಕೆ ಬರುವುದು, ಅಂದು ಅವರ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವುದು, ವಕೀಲರು ಗೈರಾಗಿ ಮೊಕದ್ದಮೆ ಮುಂದಕ್ಕೆ ಹೋಗುವುದು ಇವೆಲ್ಲವೂ ಯಾವ ಲೆಕ್ಕಪತ್ರದಲ್ಲೂ ಕಾಣದ ವೆಚ್ಚಗಳು. ವಿದ್ಯುನ್ಮಾನ ಮಾಧ್ಯಮದಲ್ಲಿ ವಿಚಾರಣೆ ನಡೆಸಲು ಹೊಸ ಸಂಹಿತೆಯ 530ನೇ ಕಲಂ ಅವಕಾಶ ಕೊಟ್ಟಿದೆ. ವರದಿ ಸ್ಪಷ್ಟವಾಗಿದ್ದರೆ ವೈದ್ಯರು ತಮ್ಮ ಆಸ್ಪತ್ರೆಯಲ್ಲೇ ಕುಳಿತು ಸಾಕ್ಷ್ಯ ನುಡಿಯಬಹುದು.

ಆಗಬೇಕಾದ ಕೆಲಸ ಅಸ್ಪಷ್ಟವೇನಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಸರಕಾರಿ ಆಸ್ಪತ್ರೆಗಳನ್ನು ವೆನ್ಲಾಕ್ ಆಸ್ಪತ್ರೆ, ಮಂಗಳೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಮತ್ತು ಮೆಡಿಕೊ-ಲೀಗಲ್ ಪ್ರಕರಣಗಳನ್ನು ದಾಖಲಿಸುವ ಖಾಸಗಿ ಆಸ್ಪತ್ರೆಗಳೊಂದಿಗೆ ಒಂದೇ ಜಾಲದಲ್ಲಿ ಸೇರಿಸಿ ಪೂರ್ಣ ಪ್ರಮಾಣದ ಪ್ರಯೋಗ ನಡೆಸಲು ದಕ್ಷಿಣ ಕನ್ನಡಕ್ಕಿಂತ ಸೂಕ್ತ ಜಿಲ್ಲೆ ಇಲ್ಲ. ಹೆದ್ದಾರಿಗಳು, ಎರಡು ಪೊಲೀಸ್ ಆಡಳಿತಗಳು, ರಾಜ್ಯದ ಗಡಿ, ಹಲವು ವೈದ್ಯಕೀಯ ಕಾಲೇಜುಗಳು, ಹಲವು ಭಾಷೆಗಳು, ಭಾರಿ ಮಳೆ ಹೀಗೆ ಎಲ್ಲ ತೊಡಕುಗಳೂ ಇಲ್ಲಿವೆ. ಇಲ್ಲಿ ನಡೆದದ್ದು ಎಲ್ಲಿಯೂ ನಡೆಯುತ್ತದೆ. ಪ್ರಯೋಗ ಸ್ಥಿರಗೊಂಡ ದಿನಾಂಕದಿಂದ ಕೈಬರಹದ ವರದಿಗೆ, ಸಂಪರ್ಕ ಕಡಿದ ತುರ್ತಿನ ಹೊರತು, ಮಾನ್ಯತೆ ಇಲ್ಲವೆಂದು ಸರಕಾರ ಆದೇಶಿಸಬೇಕು. ವಿಳಂಬವಾದ ವರದಿಗಳ ಪಟ್ಟಿ ಪ್ರತಿ ತಿಂಗಳೂ ಜಿಲ್ಲಾಧಿಕಾರಿ ಮತ್ತು ಜಿಲ್ಲಾ ನ್ಯಾಯಾಧೀಶರ ಮೇಜಿಗೆ ತಾನಾಗಿ ಬರಬೇಕು. ಅಸಹಜ ಸಾವಿನ ವಿದ್ಯುನ್ಮಾನ ದಾಖಲೆಗಳನ್ನು ಯಾವ ಕಾಲಕ್ಕೂ ನಾಶಪಡಿಸದಂತೆ ಸಂರಕ್ಷಣಾ ನಿಯಮಗಳಿಗೆ ತಿದ್ದುಪಡಿ ತರಬೇಕು. ಕಾಗದಕ್ಕೆ ಜಾಗವಿಲ್ಲವೆಂಬ ಹಳೆಯ ಸಬೂಬು ಇವುಗಳಿಗೆ ಅನ್ವಯಿಸುವುದಿಲ್ಲ.

ಜಮೀನಿನ ಒಂದು ಗುಂಟೆಯೂ ತಪ್ಪಾಗಿ ದಾಖಲಾಗಬಾರದೆಂದು ಈ ರಾಜ್ಯ ಎರಡು ದಶಕಗಳಿಗೂ ಹಿಂದೆ ನಿರ್ಧರಿಸಿ ಅದಕ್ಕೆ ಬೇಕಾದ ಆಡಳಿತಾತ್ಮಕ ಧೈರ್ಯ ತೋರಿತು. ಮನುಷ್ಯನ ಮೈಮೇಲಿನ ಗಾಯಕ್ಕೂ ಅಷ್ಟೇ ನಿಖರವಾದ ದಾಖಲೆ ಇರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ತಂತ್ರಾಂಶ ಸಿದ್ಧವಿದೆ, ಕಾನೂನು ಗಡುವು ಹಾಕಿದೆ, ಅನುಭವ ನಮ್ಮಲ್ಲೇ ಇದೆ. ಆರೋಗ್ಯ, ಗೃಹ ಮತ್ತು ಕಾನೂನು ಇಲಾಖೆಗಳ ಕಾರ್ಯದರ್ಶಿಗಳು ಒಂದು ಮೇಜಿನ ಸುತ್ತ ಕುಳಿತು, ಕೈಬರಹದ ಪ್ರಮಾಣಪತ್ರ ಯಾವ ದಿನದಿಂದ ನಿಲ್ಲಬೇಕು ಎಂಬ ಒಂದು ದಿನಾಂಕವನ್ನು ಬರೆಯುವುದಷ್ಟೇ ಬಾಕಿ.